ಮಗ್ಗದ ಕುಣಿಯ ಬಾಣಂತಿ

ನೇಯುವುದು ಬಹಳ ಕಷ್ಟದ ಕೆಲಸವೆಂದು ನೇಯದವರು ಹೇಳುತ್ತಾರೆ. ನೇಯುವುದರಲ್ಲಿ ಕಷ್ಟವೇನೂ ಇಲ್ಲ. ನೇಯಲು ಕೂಡುವುದು ಕಷ್ಟ, ಕೂತಮೇಲೆ ಏಳದೆ ಇರುವುದು ಅದಕ್ಕಿಂತ ಕಷ್ಟ. ದೇವರು ಬಡಿಗೇರನಿಗೆ ತೋಳು ಕೊಟ್ಟ, ಅಕ್ಕಸಾಲಿಗೆ ಕಣ್ಣು ಕೊಟ್ಟ, ನೇಕಾರರಿಗೆ ಮಾತ್ರ ನೆಪ ಕೊಟ್ಟ. ಬಿಸಿಲು ಏರಿದರೆ ನೂಲು ಒಣಗಿ ಹರಿಯುತ್ತದೆ, ಎದ್ದುಬಿಡಬಹುದು. ಮೋಡ ಮುಚ್ಚಿದರೆ ನೂಲಿಗೆ ಬಳಿದ ಗಂಜಿ ಆರುವುದಿಲ್ಲ, ಕೂಡುವುದೇ ಬೇಡ. ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆ ಮುಗಿದರೆ ಇನ್ನೊಂದು ತರಲು ಏಳಬೇಕು, ಎದ್ದಮೇಲೆ ಬಾಗಿಲತನಕ ಹೋಗಬೇಕು, ಬಾಗಿಲತನಕ ಹೋದಮೇಲೆ ಬೀದಿಯಲ್ಲಿ ಯಾರು ಹೊರಟಿದ್ದಾರೆಂದು ನೋಡದೆ ಬರುವುದು ಯಾವ ಮರ್ಯಾದೆ? ಹೀಗೆ ಹುಕ್ಕೇರಿಯಲ್ಲಿ ನನ್ನಷ್ಟು ಚಂದದ ಸೀರೆದಡಿ ನೇಯುವವರು ಇನ್ನೂ ನಾಲ್ಕು ಮಂದಿ ಸಿಕ್ಕಾರು, ನನ್ನಷ್ಟು ಚಂದದ ನೆಪ ನೇಯುವವರು ಸಿಗಲಿಕ್ಕಿಲ್ಲ.

ನಮ್ಮದು ಕುಣಿಮಗ್ಗ. ಅಂದರೆ ಕೋಣೆಯ ನೆಲದಲ್ಲೊಂದು ಕುಣಿ ತೋಡಿರುತ್ತದೆ. ನೇಯುವವರು ಅದರ ದಂಡೆಯ ಮೇಲೆ ಕೂತು ಕಾಲು ಒಳಗೆ ಇಳಿಬಿಟ್ಟು, ಅಲ್ಲಿ ತೂಗುಬಿಟ್ಟ ಹಲಗೆಗಳನ್ನು ತುಳಿಯಬೇಕು. ಕೈ ಲಾಳಿ ಎಸೆಯುತ್ತದೆ, ಕಾಲು ಹಲಗೆ ತುಳಿಯುತ್ತದೆ, ಬಾಯಿ ಬಿಡುವಾಗಿರುತ್ತದೆ. ನನಗೆ ತೊಂದರೆಯಾದದ್ದೇ ಈ ಬಾಯಿಯ ಬಿಡುವಿನಿಂದ. ಪಕ್ಕದ ಮನೆಯ ಗಂಗವ್ವ ದಿನಾ ಹೊತ್ತೇರಿದ ಮೇಲೆ ಬಂದು ಬಾಗಿಲಿಗೆ ಆತು ಕೂತು, ತನ್ನ ಸೊಸೆಯ ವಿಷಯ ಪಿಸುದನಿಯಲ್ಲಿ ಶುರುಮಾಡುವಳು. ಪಿಸುದನಿ ಕೇಳಬೇಕಾದರೆ ಮಗ್ಗ ನಿಲ್ಲಿಸಲೇಬೇಕಲ್ಲ? ಸೊಸೆಯ ಕಥೆ ದೊಡ್ಡದು, ಅದರಲ್ಲಿ ನನ್ನ ತಪ್ಪೇನೂ ಇಲ್ಲ.

ಮಗ್ಗ ನಿಂತರೆ ಪಡಸಾಲೆಯಲ್ಲಿ ನಮ್ಮ ಅತ್ತೆಗೆ ಗೊತ್ತಾಗುತ್ತಿತ್ತು. ನನ್ನ ಕೋಣೆಗೂ ಪಡಸಾಲೆಗೂ ನಡುವೆ ಒಂದು ಅರಿವೆಯ ಪರದೆ ಮಾತ್ರ. ಅದರಾಚೆ ಅತ್ತೆ ರಾಟಿ ಇಟ್ಟುಕೊಂಡು ನನಗೆ ಕಂಡಿಕೆ ಸುತ್ತುತ್ತ, ಆಗಾಗ ಮೂಗಿಗೆ ಒಂದು ಚಿಟಿಕೆ ತಪಕೀರು ಏರಿಸಿ ಸೀನುತ್ತ ಕೂತಿರುತ್ತಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ನಾಲ್ಕು ಮಂದಿಯ ಕಿವಿ.

"ನೀಲವ್ವಾ, ಯಾಕ ನಿಂತ್ಯವ್ವಾ?"

"ಎಳಿ ಹರದೈತ್ರಿ ಅತ್ತಿ."

"ನಿನ್ನ ಮಗ್ಗದಾಗ ಹರದಷ್ಟು ಎಳಿ ನಾ ಜನ್ಮದಾಗ ಕಂಡಿಲ್ಲ ಬಿಡು."

ಈ ಸಂಭಾಷಣೆ ನಮ್ಮ ಮನೆಯಲ್ಲಿ ದೇವರ ಪೂಜೆಯಷ್ಟೇ ತಪ್ಪದೆ ನಡೆಯುತ್ತಿತ್ತು. ಪರಿಣಾಮವೂ ಅಷ್ಟರಲ್ಲೇ ಇತ್ತು.

ಇಷ್ಟರಲ್ಲಿ ಮೇಲವಂಕಿಯ ಬಸವಣ್ಣೆಪ್ಪನವರ ಸೀರೆಯ ಪ್ರಕರಣ ಬಂತು. ಮೇಲವಂಕಿ ಅತ್ತೆಯ ತವರು. ಬಸವಣ್ಣೆಪ್ಪ ಅಲ್ಲಿ ಒಕ್ಕಲುತನ ಮಾಡುವವರು, ಅತ್ತೆಗೆ ದೂರದ ತಮ್ಮನಾಗಬೇಕು. ಹಿಂದೊಮ್ಮೆ ಅವರು ಬಸುರಿಯಾಗಿದ್ದ ಹಿರಿಯ ಮಗಳ ಕುಬಸದ ಕಾರ್ಯಕ್ಕೆಂದು ನನಗೆ ಒಂದು ಸೀರೆ ಹೇಳಿದ್ದರು. ನಾನು ಮಗ್ಗಕ್ಕೆ ನೂಲು ಹೂಡಿದಾಗ ಹುಕ್ಕೇರಿ ಮುಂಬಯಿ ರಾಜ್ಯದಲ್ಲಿತ್ತು. ಸೀರೆ ಕೊಯ್ದು ಕೆಳಗಿಳಿಸುವಾಗ ಮೈಸೂರು ರಾಜ್ಯದಲ್ಲಿತ್ತು. ರಾಜ್ಯವೇ ಬದಲಾಗುವಾಗ ಒಂದು ಸೀರೆ ತಡವಾದರೆ ಏನಾಯಿತೆಂದು ನಾನು ಕೇಳಿದೆ. ಯಾರೂ ಒಪ್ಪಲಿಲ್ಲ. ಕುಬಸದ ಸೀರೆ ಕೂಸಿನ ತೊಟ್ಟಿಲ ದಿನ ಮುಟ್ಟಿತು. ಬಾಣಂತಿ ಅದನ್ನು ಉಡಲಿಲ್ಲ, ಮಡಿಚಿ ತೊಟ್ಟಿಲಲ್ಲಿ ಕೂಸಿನ ಕೆಳಗೆ ಹಾಸಿದಳಂತೆ. ಕೂಸು ಮೊದಲ ದಿನವೇ ನನ್ನ ನೇಯ್ಗೆಯ ಬಗ್ಗೆ ತನ್ನ ಅಭಿಪ್ರಾಯ ತಿಳಿಸಿತು.

ಅದೇ ಬಸವಣ್ಣೆಪ್ಪ ಈಗ ಕಿರಿಯ ಮಗಳ ಲಗ್ನ ಗೊತ್ತುಮಾಡಿಕೊಂಡು ಮತ್ತೆ ಬಂದರು. ಅಕ್ಕಿಕಾಳು ಬೀಳುವಾಗ ಉಡುವ ಸೀರೆ, ಹಸಿರು ಮೈ, ಕೆಂಪು ಸೆರಗು.

"ಅಕ್ಕಾ, ನಿನ್ನ ಮಾರಿ ನೋಡಿ ಹೇಳಾಕತ್ತೇನಿ," ಅಂದರು ಅತ್ತೆಗೆ, "ನಿನ್ನ ಸೊಸಿ ಮಾರಿ ನೋಡಿ ಅಲ್ಲ."

ನಮ್ಮ ಮನೆಯವರು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅವರದು ಬಸ್ ಸ್ಟ್ಯಾಂಡಿನ ಬಾಜೂಕ ಬೇವಿನ ಮರದ ಕೆಳಗೆ ಸೈಕಲ್ ರಿಪೇರಿ. ಗಾಳಿ ಬಂದರೆ ಬೇವಿನಕಾಯಿ ಬೋಳುತಲೆಗೆ, ಮಳೆ ಬಂದರೆ ಟ್ಯೂಬು ಪಂಪು ಹೊತ್ತುಕೊಂಡು ಮನೆಗೆ. ಬೀದಿಗೆ ಬಾಗಿಲಿದ್ದ ನನ್ನ ಮಗ್ಗದ ಕೋಣೆಯ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣು.

"ಎವ್ವಾ, ಈ ಸೀರೀನೂ ತಪ್ಪಿದ್ರ ಆ ಕುಣಿಗೆ ಗರಸಿನ ಮಣ್ಣ ತುಂಬಿ ಸೈಕಲ್ ಅಂಗಡಿ ಇಡ್ತೇನಿ. ನಿಂತ ಮಗ್ಗಕ್ಕಿಂತ ನಿಂತ ಸೈಕಲ್ ಬೇಸಿ. ಮಂದಿ ಬಂದು ಒಯ್ತಾರ."

ಯಾವಾಗಲೂ ನನ್ನ ಪರವಾಗಿ ಒಂದು ಮಾತಾದರೂ ಆಡುತ್ತಿದ್ದ ಅತ್ತೆ ಅವತ್ತು ತಪಕೀರು ಏರಿಸಿ, "ತಪ್ಪಿದ್ರ ಮುಚ್ಚು. ನಾ ಬ್ಯಾಡ ಅನ್ನೂದಿಲ್ಲ," ಅಂದುಬಿಟ್ಟರು.

ನಗುತ್ತ ಹೇಳುತ್ತಿದ್ದೇನೆಂದು ನೀವು ಹಗುರ ತಿಳಿಯಬಾರದು. ಆ ಮನೆಯಲ್ಲಿ ಅಡಿಗೆಮನೆ ಅತ್ತೆಯದು, ಪಡಸಾಲೆ ಬಂದುಹೋಗುವವರದು, ಅಟ್ಟ ಟ್ಯೂಬು ಟೈರುಗಳದು. ನನ್ನದು ಅಂತ ಇದ್ದದ್ದು ಆ ಕುಣಿ ಒಂದೇ. ಮೂಡಲಗಿಯ ತವರಿನಿಂದ ಈ ಮನೆಗೆ ಬರುವಾಗ ಅಪ್ಪ ಕೈಗಿಟ್ಟ ಲಾಳಿ ಅಲ್ಲೇ ಓಡುತ್ತಿತ್ತು. ನೇಯಲು ನನಗೆ ಸೋಮಾರಿತನ ಇರಬಹುದು, ಮಗ್ಗದ ಮೇಲೆ ಪ್ರೀತಿ ಇಲ್ಲವೆಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಈ ಸಲ ಏನಾದರಾಗಲಿ, ನೆಪ ಹೇಳುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಶುರುವೂ ಜೋರಾಗಿಯೇ ಆಯಿತು. ಹಸಿರು ಮೈ ಮೊಳಗಟ್ಟಲೆ ಏರಿತು. ಆಮೇಲೆ ಒಂದು ಮುಂಜಾನೆ ಕೂತು ಕುಣಿಗೆ ಕಾಲು ಇಳಿಬಿಡುತ್ತೇನೆ, ಯಾರೋ ಹೆಬ್ಬೆರಳನ್ನು ಪರಕ್ಕನೆ ಪರಚಿದರು. "ಅಯ್ಯಯ್ಯೋ ಹಾವು!" ಎಂದು ಕಿರುಚಿ ಹೊರಗೆ ಜಿಗಿದೆ. ಅತ್ತೆ ಕೋಲು ಹಿಡಿದು ಬಂದರು, ಗಂಗವ್ವ ಬಂದಳು, ನಮ್ಮ ಮನೆಯವರು ಸೈಕಲ್ ಪಂಪು ಹಿಡಿದು ಬಂದರು. ಹಾವಿಗೆ ಗಾಳಿ ಹೊಡೆಯುವ ವಿಚಾರವಿತ್ತೋ ಏನೋ. ಎಲ್ಲರೂ ಬಗ್ಗಿ ನೋಡಿದರೆ, ನಾನು ಕುಣಿಯ ಮೂಲೆಗೆ ಎಸೆಯುತ್ತ ಬಂದಿದ್ದ ತುಂಡುನೂಲಿನ ಮೆತ್ತನೆಯ ಗುಡ್ಡೆಯಲ್ಲಿ ಚಂದ್ರಿ ಮಲಗಿದ್ದಳು, ಮಗ್ಗುಲಲ್ಲಿ ಮೂರು ಮರಿ. ಚಂದ್ರಿ ನಮ್ಮ ಓಣಿಯ ಬೆಕ್ಕು. ಎಲ್ಲರ ಮನೆಯ ಹಾಲು ಕುಡಿಯುವಳು, ಯಾರ ಮನೆಯ ಇಲಿಯನ್ನೂ ಹಿಡಿಯಳು. ನನಗೆ ಅವಳ ಮೇಲೆ ಮೊದಲಿಂದಲೂ ಒಂದು ನಮೂನೆಯ ಗೌರವ.

"ಬುಟ್ಟಿ ತಾ, ಎತ್ತಿ ಹೊರಗ ಇಡೋಣ," ಅಂದರು ನಮ್ಮ ಮನೆಯವರು.

"ಯಾವಾನು ಅಂವ, ಬಾಣಂತಿನ್ನ ಎತ್ತಾಂವ?" ಅತ್ತೆ ಕೋಲನ್ನು ಮಗನ ಕಡೆಗೇ ತಿರುಗಿಸಿದರು. "ಹಸೀ ಬಾಣಂತಿ ಐತಿ. ತಾನಾಗಿ ಏಳು ಮನಿ ತೋರಸಾಕ ಮರಿ ಒಯ್ಯೂತನಕ ಯಾರೂ ಮುಟ್ಟಬ್ಯಾಡ್ರಿ."

ಬೆಕ್ಕು ಮರಿಗಳನ್ನು ಏಳು ಮನೆ ತೋರಿಸುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಮೊದಲ ಮನೆ ಬಿಡುವುದು ಯಾವಾಗ ಎಂಬುದು ಮಾತ್ರ ಬೆಕ್ಕಿನ ಇಷ್ಟ. ಅತ್ತೆ ಬಾಣಂತಿಗೆ ಗಾಳಿ ಬಡಿಯುತ್ತದೆಂದು ಕಿಟಕಿ ಮುಚ್ಚಿಸಿದರು. ಬೆಳಕಿಲ್ಲದೆ ಎಳೆ ಕಾಣದು. ಗಂಗವ್ವ ಬಿಸಿ ಹಾಲು ತಂದಳು. ಯಾರೋ ತುಪ್ಪ ಕಲಸಿದ ಅನ್ನ ತಂದರು. ಓಣಿಯ ಯಾವ ಸೊಸೆಯ ಬಾಣಂತನದಲ್ಲೂ ಇಷ್ಟು ತುಪ್ಪ ಬಿದ್ದಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಬ್ಬ. ಇಂಥ ನೆಪ ಜನ್ಮಕ್ಕೊಮ್ಮೆ ಸಿಗುವಂಥದ್ದು. ನಾನು ಹೇಳಿದ್ದಲ್ಲ, ನಾನು ಹುಟ್ಟಿಸಿದ್ದಲ್ಲ, ತಾನೇ ನಡೆದು ಬಂದು ಕುಣಿಯಲ್ಲಿ ಹೆತ್ತದ್ದು. ಮೇಲೆ ಅತ್ತೆಯ ಅಪ್ಪಣೆ ಬೇರೆ! ಮುಖ ಸಪ್ಪಗೆ ಮಾಡಿಕೊಂಡು, "ಏನ ಮಾಡೂದ್ರಿ, ನನ್ನ ಕೈಯಾಗ ಏನ ಐತಿ?" ಎಂದು ಬಂದವರಿಗೆಲ್ಲ ಹೇಳುತ್ತ, ಚಹಾ ಕುಡಿಯುತ್ತ, ಗಂಗವ್ವನ ಸೊಸೆಯ ಕಥೆಯಲ್ಲಿ ಉಳಿದಿದ್ದ ಭಾಗಗಳನ್ನೆಲ್ಲ ಕೇಳಿ ಮುಗಿಸಿದೆ. ಮಾಡಿದ ಆಣೆ ಬೆಕ್ಕಿಗೆ ಅನ್ವಯಿಸುವುದಿಲ್ಲವೆಂದು ನನ್ನ ಮನಸ್ಸು ತೀರ್ಪು ಕೊಟ್ಟಿತ್ತು.

ಆ ಸುಖ ಹೋದದ್ದು ಒಂದು ಹಗ್ಗದಿಂದ. ನಮ್ಮ ಮನೆಯವರು ಒಂದು ಮಧ್ಯಾಹ್ನ ಹಗ್ಗ ಹಿಡಿದು ಬಂದು ಮಗ್ಗದ ಕೋಣೆಯನ್ನು ಅಳೆಯತೊಡಗಿದರು. ಸಿಟ್ಟಿಲ್ಲ, ಬೈಗುಳವಿಲ್ಲ, ಬಾಯಲ್ಲಿ ಸಣ್ಣಗೆ ಭಜನೆಯ ಧಾಟಿ.

"ಏನ ಮಾಡಾಕತ್ತೀರಿ?"

"ಏನಿಲ್ಲ. ಇಲ್ಲಿ ಬಾಡಗಿ ಸೈಕಲ್ಲು, ಆ ಬಾಜೂಕ ಪಂಪು, ಕುಣಿ ಮುಚ್ಚಿದ ಜಾಗಾದಾಗ ನಾ ಕೂಡೂದು. ಮೆತ್ತಗ ಇರ್ತೈತಿ."

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರು ಅಷ್ಟು ಸಂತೋಷದಿಂದ ಅಳೆಯುವುದನ್ನು ಕಂಡು ನನಗೆ ಅಳುವೇ ಬಂತು. ಓಡಿಹೋಗಿ ಅತ್ತೆಯ ಮುಂದೆ ಕೂತೆ. "ಅತ್ತೀ, ಮೆಲ್ಲಕ ನೇಯ್ತೇನ್ರಿ. ಬಾಣಂತಿಗೆ ಒಂದೀಟೂ ಕಾಲ ತಾಗಸೂದಿಲ್ರಿ." ಅತ್ತೆ ಕೈಯಲ್ಲಿದ್ದ ಕಂಡಿಕೆ ಸುತ್ತಿ ಮುಗಿಸಿ, ಬಾಣಂತಿ ಒಪ್ಪಿದರೆ ತಮ್ಮದೇನೂ ಅಡ್ಡಿಯಿಲ್ಲವೆಂದರು.

ಬಾಣಂತಿಯನ್ನು ಒಪ್ಪಿಸಲು ಒಂದು ಬಟ್ಟಲು ಹಾಲು ಇಳಿಸಿದೆ. ಕಿಟಕಿ ಒಂದು ಬೆರಳಷ್ಟು ತೆರೆದೆ. ಎರಡೂ ಕಾಲಿಗೆ ಮೊಣಕಾಲಿನವರೆಗೆ ಗೋಣಿತಟ್ಟು ಸುತ್ತಿ ಸುತಳಿಯಿಂದ ಕಟ್ಟಿದೆ. "ದಂಡು ಎಲ್ಲಿಗೆ ಹೊಂಟೈತಿ?" ಎಂದು ನಮ್ಮ ಮನೆಯವರು ಕೇಳಿದರು. ನಾನು ಕಾಲು ಇಳಿಬಿಟ್ಟೆ. ಚಂದ್ರಿ ಗುರ್ರೆಂದು ಎರಡೇಟು ಕೊಟ್ಟಳು. ಗೋಣಿತಟ್ಟಿನ ರುಚಿ ಸೇರಲಿಲ್ಲವೆಂದು ಕಾಣುತ್ತದೆ, ಸುಮ್ಮನಾದಳು. ಮರಿಗಳು ಮಾತ್ರ ಮುಂಜಾನೆಯಿಂದ ಒಂದೇ ಸಮನೆ ಕುಂಯ್‌ಗುಡುತ್ತಿದ್ದವು. ನಾನು ಹೆದರುತ್ತ ಹೆದರುತ್ತ ಹಲಗೆ ತುಳಿದು ಲಾಳಿ ಎಸೆದೆ. ಟಕ್ಕ್ ಟಕ್. ಇನ್ನೊಮ್ಮೆ, ಟಕ್ಕ್ ಟಕ್. ಕುಣಿಯಲ್ಲಿ ಸದ್ದಡಗಿತು. ಸತ್ತುಹೋದವೇನೋ ಎಂದು ಇಣುಕಿದರೆ, ಮೂರೂ ಮರಿ ಒಂದರ ಮೇಲೊಂದು ಬಿದ್ದು ನಿದ್ದೆ ಹೋಗಿದ್ದವು. ಮಗ್ಗ ಅವುಗಳಿಗೆ ತೊಟ್ಟಿಲಾಗಿತ್ತು.

ಚಂದ್ರಿ ಒಮ್ಮೆ ಮರಿಗಳನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ನನ್ನ ತೊಡೆಯ ಮೇಲೆ ಕಾಲಿಟ್ಟು ಮೇಲೇರಿ, ಮೈ ಮುರಿದು, ಬಾಲ ಎತ್ತಿಕೊಂಡು ಗಂಗವ್ವನ ಅಡಿಗೆಮನೆಯ ಕಡೆಗೆ ಹೊರಟೇಹೋದಳು. ಹೊಲಕ್ಕೆ ಹೋಗುವ ತಾಯಂದಿರು ಮುದುಕಿಯರಿಗೆ ಕೂಸು ಒಪ್ಪಿಸಿ ಹೋಗುವಾಗ ಒಂದು ಮಾತು ಹೇಳುತ್ತಾರೆ, ಇವಳು ಅದನ್ನೂ ಹೇಳಲಿಲ್ಲ.

ಒಂದು ಗೇಣು ನೇಯ್ದಿರಬಹುದು, ರೂಢಿಯಂತೆ ನನಗೆ ಚಹಾದ ನೆನಪಾಯಿತು. ಮಗ್ಗ ನಿಲ್ಲಿಸಿದೆ. ಕುಣಿಯಿಂದ ಮೂರು ದನಿಯಲ್ಲಿ ಅಳು ಎದ್ದಿತು. ಪರದೆಯಾಚೆಯಿಂದ ಅದಕ್ಕಿಂತ ಜೋರಾದ ದನಿ ಬಂತು:

"ನೀಲವ್ವಾ! ಕೂಸು ಅಳಾಕತ್ತಾವಲ್ಲ, ಕಿವಿ ಕೇಳಸೂದಿಲ್ಲೇನು?"

"ಎಳಿ ಹರದೈತ್ರಿ ಅತ್ತಿ."

"ಹರದ್ರ ಗಂಟ ಹಾಕಿ ನಡಸು. ಹಸಗೂಸು ಅತ್ತತ್ತ ಉಸರ ಕಟ್ಟಿದ್ರ ಅದಕ್ಕ ಗಂಟ ಹಾಕ್ತೀಯೇನು?"

ಮತ್ತೆ ಲಾಳಿ ಎಸೆದೆ. ವರ್ಷಗಟ್ಟಲೆ ಕಾಪಾಡಿದ ಎಳೆ ಹರಿಯುವ ನೆಪ ಅವತ್ತೇ ತೀರಿಕೊಂಡಿತು. ಅದರ ಹಿಂದೆ ಬಾಕಿಯವೂ ಹೋದವು. ಕಂಡಿಕೆ ತರಲು ಏಳುವಂತಿಲ್ಲ, ಅತ್ತೆಯೇ ತಂದು ಮಗ್ಗುಲಲ್ಲಿ ಬುಟ್ಟಿ ತುಂಬಿಟ್ಟರು. ಚಹಾ ನಾನು ಕೂತಲ್ಲಿಗೇ ಬಂತು, ಬಟ್ಟಲಿನಲ್ಲಿ ಸುರಿದು ಆರಿಸಿ. ಇಷ್ಟು ಸೇವೆ ಮಾಡಿಸಿಕೊಂಡೂ ಇಷ್ಟು ದುಃಖಪಟ್ಟ ಸೊಸೆ ಇನ್ನೊಬ್ಬಳಿರಲಾರಳು. ಗಂಗವ್ವ ಬಂದು ಬಾಗಿಲಿಗೆ ಆತು ಕೂತಳು. ಮಗ್ಗ ನಿಲ್ಲಿಸುವಂತಿಲ್ಲವಾದ್ದರಿಂದ ಅವಳ ಪಿಸುದನಿ ನನಗೆ ಕೇಳಿಸದು.

"ಏನಂದಿ?" ಅಂದೆ.

"ನಮ್ಮಾಕಿ ನಿನ್ನೆ ಹಾಲಿಗೆ ನೀರ ಹಾಕಿದ್ಲು!"

"ಜೋರಾಗಿ ಹೇಳ!"

"ನಮ್ಮ ಸೊಸಿ! ಹಾಲಿಗೆ! ನೀರ ಹಾಕಿದ್ಲು!"

ಹೀಗೆ ಗಂಗವ್ವನ ಮನೆಯ ಗುಟ್ಟು ಓಣಿಗೆಲ್ಲ ಕೇಳಿಸಿ, ಸೊಸೆಗೂ ಕೇಳಿಸಿ, ಸೊಸೆ ತನ್ನ ಅಂಗಳದಲ್ಲೇ ನಿಂತು ಅಷ್ಟೇ ಜೋರಾಗಿ ಉತ್ತರ ಕೊಟ್ಟಳು. ಮರುದಿನದಿಂದ ಗಂಗವ್ವ ಬರಲಿಲ್ಲ. ನನಗೆ ಉಳಿದದ್ದು ಲಾಳಿ, ಹಲಗೆ ಮತ್ತು ಮೂರು ಕೂಸು.

ಹಸಿರು ಮೈ ಮುಗಿಯಿತು. ಕೆಂಪು ಸೆರಗು ಶುರುವಾಯಿತು. ನಾಳೆ ಸೀರೆ ಒಯ್ಯಲು ಬಸವಣ್ಣೆಪ್ಪ ಗೋಕಾಕಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿದು ಬರುವವರು. ಅವತ್ತು ಹಗಲೆಲ್ಲ ನನಗೆ ಒಂದು ಸಂಶಯ ಕಾಡುತ್ತಿತ್ತು. ಮರಿಗಳ ದನಿ ಮೊದಲಿನಂತಿರಲಿಲ್ಲ. ಸ್ವಲ್ಪ ಒಡಕು, ಸ್ವಲ್ಪ ದಪ್ಪ. ಮೂರು ಅಳುವ ಬದಲು ಒಂದೇ ಅಳುತ್ತಿತ್ತು, ಅದೂ ನಾನು ಮಗ್ಗ ನಿಲ್ಲಿಸಿದ ತಕ್ಷಣ, ಕಾಯುತ್ತ ಕೂತವರ ಹಾಗೆ. ಒಂದು ಸಲವಂತೂ ಮ್ಯಾಂವ್ ಎಂದು ಶುರುವಾದದ್ದು ದೊಡ್ಡದೊಂದು ಸೀನಿನಲ್ಲಿ ಮುಗಿಯಿತು.

"ಅತ್ತೀ, ಮರಿಗೆ ಥಂಡಿ ಆಗೇತೇನ್ರಿ?"

"ಆಗಿರಬೇಕು. ನೀ ನೇಯ್."

ಬಗ್ಗಿ ನೋಡೋಣವೆಂದರೆ ಅವತ್ತು ಮೋಡ ಮುಚ್ಚಿ ಕುಣಿ ಕತ್ತಲು. ಕೈ ಹಾಕೋಣವೆಂದರೆ ಚಂದ್ರಿಯ ಉಗುರಿನ ನೆನಪು. ಪಾಪ, ನೆಗಡಿಯಾದ ಕೂಸು ಎಂದು ಮರುಗಿ ಇನ್ನಷ್ಟು ತುಳಿದೆ. ಸೊಂಟ ಸೆಟೆಯಿತು, ಗೋಣಿತಟ್ಟಿನೊಳಗೆ ಕಾಲು ಬೆವತು ತುರಿಸತೊಡಗಿತು. ತುರಿಸಿಕೊಳ್ಳಲು ನಿಲ್ಲಿಸಿದರೂ ಅಳು. ಮರುದಿನ ಹೊತ್ತು ನೆತ್ತಿಗೇರುವ ಮುಂಚೆ ಸೆರಗಿನ ಕೊನೆಯ ಎಳೆ ಬಡಿದು ಕೂಡಿಸಿದೆ. ಸೀರೆಯನ್ನು ಮಗ್ಗದಿಂದ ಕೊಯ್ದು ಮಡಿಲಿಗೆ ಹಾಕಿಕೊಂಡಾಗ, ಸುಳ್ಳು ಯಾಕೆ, ನನ್ನ ಕಣ್ಣು ತುಂಬಿದವು. ನೇಯ್ದ ಸೀರೆಯೊಂದು ಹೇಳಿದ ದಿನಕ್ಕೆ ಮುಗಿದದ್ದನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ಮಗ್ಗ ನಿಂತಿತ್ತಲ್ಲ, ಅಳು ಶುರುವಾಯಿತು. "ಮ್ಯಾಂವ್... ಮ್ಯಾಂವ್..."

"ಸಾಕ ನನ್ನವ್ವಾ, ಮುಗೀತು, ಅಳಬ್ಯಾಡ," ಎಂದು ಪ್ರೀತಿ ಉಕ್ಕಿ, ಉಗುರಿನ ಹೆದರಿಕೆ ಬಿಟ್ಟು ಕುಣಿಗೆ ಕೈ ಹಾಕಿದೆ. ಬರೀ ತುಂಡುನೂಲು. ಮೂಲೆಮೂಲೆ ತಡವಿದೆ. ಮರಿಯಿಲ್ಲ, ತಾಯಿಯಿಲ್ಲ. ಅಳು ಮಾತ್ರ ನಡೆದೇ ಇತ್ತು.

ಅಷ್ಟರಲ್ಲಿ ಪರದೆಯಾಚೆ ಗಂಡಸಿನ ದನಿ ಕೇಳಿಸಿತು. "ಅಕ್ಕಾ... ಯಾಕ ಅಕ್ಕಾ? ಆರಾಮ ಅದಿ ಇಲ್ಲೋ?"

ಪರದೆ ಸರಿಸಿದೆ. ಹೊಸ್ತಿಲ ಮೇಲೆ ಬಸವಣ್ಣೆಪ್ಪ, ಕೈಯಲ್ಲಿ ಕೊಡೆ, ಬಾಯಿ ತೆರೆದದ್ದು ತೆರೆದಂತೆ. ಅವರ ಮುಂದೆ ನಮ್ಮ ಅತ್ತೆ, ರಾಟಿ ಬದಿಗಿಟ್ಟು, ಪರದೆಯ ಕಡೆ ಮುಖಮಾಡಿ, ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಮಿಯಾಂವ್‌ಗುಡುತ್ತಿದ್ದರು.

"ಬಸವಣ್ಣೆಪ್ಪಾ, ಸೀರಿ ಬೇಕಾದ್ರ ಸುಮ್ನ ಕೂಡು," ಎಂದು ತಿರುಗದೆಯೇ ಹೇಳಿ, ಅತ್ತೆ ಇನ್ನೊಮ್ಮೆ ಮ್ಯಾಂವ್ ಅಂದರು. ಆಮೇಲೆ ನನ್ನನ್ನು ಕಂಡರು. ನನ್ನ ಕೈಯಲ್ಲಿನ ಸೀರೆಯನ್ನು ಕಂಡರು. ಒಂದಿಷ್ಟೂ ನಾಚದೆ ಡಬ್ಬಿ ತೆಗೆದು ತಪಕೀರು ಏರಿಸಿದರು.

"ಚಂದ್ರಿ ನಿನ್ನೆ ನಸಕಿನ್ಯಾಗ ಮೂರೂ ಮರಿ ಕಚಗೊಂಡು ಗಂಗವ್ವನ ಮನಿಗೆ ಹೋದ್ಲು. ನಿನಗ ಹೇಳಿದ್ರ ಈ ಸೀರೀನೂ ಮದುಮಗಳ ಕೂಸಿನ ತೊಟ್ಟಿಲಕ್ಕ ಮುಟ್ಟತಿತ್ತು. ಅದಕ್ಕ ಮರಿಗಳ ಬದಲಿ ನಾನ ಅತ್ನಿ. ನಿನ್ನೆಯಿಂದ ಅತ್ತತ್ತ ಗಂಟಲ ಹರದೈತಿ. ಇದು ಖರೇ ಹರದದ್ದು, ನಿನ್ನ ಎಳಿಯಂಗಲ್ಲ."

ಬಸವಣ್ಣೆಪ್ಪ ಕೊಡೆ ಬಿಟ್ಟು ಗೋಡೆ ಹಿಡಿದು ನಕ್ಕರು. ನಾನು ಸಿಟ್ಟು ಮಾಡಬೇಕೆಂದುಕೊಂಡೆ, ಗೋಣಿತಟ್ಟು ಸುತ್ತಿಕೊಂಡ ಕಾಲಲ್ಲಿ ನಿಂತು ಸಿಟ್ಟು ಮಾಡುವುದು ಸಾಧ್ಯವಾಗಲಿಲ್ಲ, ನಾನೂ ಹೊಟ್ಟೆ ಹಿಡಿದು ನಕ್ಕೆ. ಸೀರೆಗೆ ಅರಿಷಿಣ ಕುಂಕುಮ ಹಚ್ಚಿ ಕೊಟ್ಟೆವು. ಮದುಮಗಳು ಅದನ್ನುಟ್ಟೇ ಅಕ್ಕಿಕಾಳು ಹಾಕಿಸಿಕೊಂಡಳು. ನಮ್ಮ ಮನೆಯವರು ಹಗ್ಗವನ್ನು ಸುತ್ತಿ ಗೂಟಕ್ಕೆ ತೂಗುಹಾಕಿದರು. ಎಸೆದಿಲ್ಲ, ತೂಗುಹಾಕಿದ್ದಾರೆ, ನಾನು ಕೂತಲ್ಲಿಂದ ಕಾಣುವ ಹಾಗೆ.

ಲಗ್ನದ ಊಟದ ಪಂಕ್ತಿಯಲ್ಲಿ ಬಸವಣ್ಣೆಪ್ಪ ಈ ಕಥೆ ಹೇಳಿದ್ದೇ ಹೇಳಿದ್ದು. ಈಗ ಸಂತೆಯ ದಿನ ಸೀರೆ ಹೇಳಲು ಬಂದವರು ನನ್ನ ನೇಯ್ಗೆ ನೋಡುವುದಿಲ್ಲ. "ಆಯಿ, ಬೆಕ್ಕು ಗಬ್ಬ ಐತೇನ್ರಿ?" ಎಂದು ಅತ್ತೆಯನ್ನು ಕೇಳುತ್ತಾರೆ. ಹತ್ತರಗಿಯಿಂದ ಬಂದ ಒಬ್ಬ ಹೆಣ್ಣುಮಗಳು ಚಂದ್ರಿಯನ್ನು ಎತ್ತಿ ಹೊಟ್ಟೆ ಮುಟ್ಟಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು, "ಹಂಗಾದ್ರ ನೀವಾದ್ರೂ ಒಂದೀಟು ಅಳ್ರಿ ಆಯಿ, ಲಗ್ನ ಹತ್ತರ ಬಂದೈತಿ," ಎಂದು ಅತ್ತೆಯ ಕೈ ಹಿಡಿದು ಕೇಳಿಕೊಂಡು ಹೋದಳು.

ಮಗ್ಗದ ಮೇಲೆ ಆ ಹತ್ತರಗಿಯವರ ಸೀರೆ ಅರ್ಧಕ್ಕೆ ನಿಂತಿದೆ. ನೂಲು ಗಟ್ಟಿಯಿದೆ, ಗಂಜಿ ಆರಿದೆ, ಕಂಡಿಕೆಯ ಬುಟ್ಟಿ ತುಂಬಿದೆ, ಗಂಗವ್ವ ಇನ್ನೂ ಈ ಕಡೆ ಬರುತ್ತಿಲ್ಲ. ಬೇರೆ ಯಾವ ನೆಪವೂ ಸಿಗದೆ, ಕನ್ನಡ ಸಾಲೆಯಲ್ಲಿ ಕಲಿತ ನಾಲ್ಕಕ್ಷರ ಮರೆತುಹೋದಾವೆಂದು ಕೂತು ಇದನ್ನು ಬರೆದೆ. ಚಂದ್ರಿ ಎದುರಿನ ಮಾಳಿಗೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿರುವುದು ನನಗೆ ಕಾಣುತ್ತಿದೆ. ಅವಳ ಮರಿಗಳು ದೊಡ್ಡವಾಗಿ ಓಣಿ ಸೇರಿವೆ. ಆದರೂ ಇದೀಗ ಪರದೆಯಾಚೆ ಒಂದು ಮರಿ, ತಪಕೀರಿನ ದನಿಯಲ್ಲಿ, ಅಳಲು ಶುರುಮಾಡಿದೆ. ಸುಳ್ಳು ಅಳುವೆಂದು ನನಗೂ ಗೊತ್ತು, ಅಳುವವರಿಗೂ ಗೊತ್ತು. ಏನು ಮಾಡಲಿ, ಕೂತಲ್ಲೇ ನನ್ನ ಬಲಗಾಲು ನೆಲ ತುಳಿಯತೊಡಗಿದೆ.